ಕಾನ್ವಿಯ ಗೋಡೆಗೆ ರೋಮಿನ ಶಿಲ್ಪಿಯ ಹೆಸರು

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಒಂದು ಕಲ್ಲಿನ ಹಲಗೆಯ ಬಗ್ಗೆ. ಅಗಲ 600 ಮಿಲಿಮೀಟರ್, ಎತ್ತರ 450, ದಪ್ಪ 30. ತೂಕ ಸುಮಾರು 23 ಕಿಲೋ, ಅಂದರೆ ಮನೆಗೆ ತರುವ ಅಕ್ಕಿ ಚೀಲಕ್ಕಿಂತ ತುಸು ಕಡಿಮೆ. ಅದರ ಮೇಲೆ ನೂರೈವತ್ತರ ಆಸುಪಾಸು ಅಕ್ಷರ. ಇಷ್ಟನ್ನು ಒಂದು ಹಳೆಯ ಚರ್ಚಿನ ಗೋಡೆಯ ಮೇಲೆ ಇನ್ನೂರು ವರ್ಷ ನಿಲ್ಲುವ ಹಾಗೆ, ಗೋಡೆಗೂ ಪೆಟ್ಟಾಗದ ಹಾಗೆ ಕೂರಿಸುವುದು ಹೇಗೆ ಅನ್ನುವುದೇ ವಿಷಯ.

ಉದಾಹರಣೆಗೆ ತೆಗೆದುಕೊಂಡದ್ದು ಜಾನ್ ಗಿಬ್ಸನ್ ಎಂಬ ಶಿಲ್ಪಿಯನ್ನು, ವೇಲ್ಸ್ ನಾಡಿನ ಉತ್ತರ ಕರಾವಳಿಯಲ್ಲಿರುವ ಕಾನ್ವಿ ಊರಿನ ಸೇಂಟ್ ಮೇರಿ ಚರ್ಚನ್ನು. ಗಿಬ್ಸನ್ ಹುಟ್ಟಿದ್ದು 1790ರಲ್ಲಿ, ಕಾನ್ವಿಗೆ ಅಂಟಿಕೊಂಡಂತಿರುವ ಗಫಿನ್ ಹಳ್ಳಿಯಲ್ಲಿ. ತಂದೆ ತರಕಾರಿ ತೋಟದವರು. ಹುಡುಗನಿಗೆ ಒಂಬತ್ತು ವರ್ಷವಾಗಿದ್ದಾಗ ಕುಟುಂಬ ಅಮೆರಿಕಕ್ಕೆ ಹೋಗಲೆಂದು ಲಿವರ್‌ಪೂಲಿಗೆ ಬಂತು. ತಾಯಿ ಹಡಗು ಹತ್ತಲು ಒಪ್ಪಲಿಲ್ಲ, ಹಾಗಾಗಿ ಅಲ್ಲೇ ನಿಂತರು. ಅಲ್ಲಿ ಗಿಬ್ಸನ್ ಮೊದಲು ಪೀಠೋಪಕರಣ ಮಾಡುವವರ ಹತ್ತಿರ, ಆಮೇಲೆ ಮರಗೆತ್ತನೆ, ಕೊನೆಗೆ ಫ್ರಾನ್ಸಿಸ್ ಸಹೋದರರ ಅಮೃತಶಿಲೆ ಕಾರ್ಖಾನೆ, ಹೀಗೆ ಕೈ ಪಳಗಿಸಿಕೊಂಡರು. 1817ರಲ್ಲಿ ರೋಮಿಗೆ ಹೋಗಿ ಆ ಕಾಲದ ಹೆಸರಾಂತ ಶಿಲ್ಪಿ ಕನೋವಾ ಅವರ ಕಾರ್ಯಶಾಲೆ ಸೇರಿದರು. ಆಮೇಲೆ ಊರಿಗೆ ಬಂದದ್ದು ನೆಂಟರ ಹಾಗೆ: ಮೊದಲ ಸಲ ಇಂಗ್ಲೆಂಡಿಗೆ ಮರಳಿದ್ದೇ 1844ರಲ್ಲಿ, 27 ವರ್ಷಗಳ ನಂತರ. 1866ರ ಜನವರಿ 27ರಂದು ರೋಮಿನಲ್ಲೇ ತೀರಿಕೊಂಡರು. ಕೀಟ್ಸ್, ಶೆಲ್ಲಿ ಮಲಗಿರುವ ಅದೇ ಪ್ರೊಟೆಸ್ಟಂಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಅವರ ಕೃತಿಗಳು ಎಲ್ಲಿವೆ ನೋಡಿ. ಬಣ್ಣ ಹಚ್ಚಿದ ವೀನಸ್ ಲಿವರ್‌ಪೂಲಿನ ವಾಕರ್ ಗ್ಯಾಲರಿಯಲ್ಲಿ. ವಿಕ್ಟೋರಿಯಾ ರಾಣಿಯ ಪ್ರತಿಮೆ, ರಾಬರ್ಟ್ ಪೀಲ್ ಪ್ರತಿಮೆ ಲಂಡನ್ನಿನಲ್ಲಿ. ಕಾರ್ಯಶಾಲೆಯಲ್ಲಿ ಉಳಿದದ್ದು, ಜೊತೆಗೆ 32,000 ಪೌಂಡ್, ರಾಯಲ್ ಅಕಾಡೆಮಿಗೆ ಹೋಯಿತು. ಸಮಾಧಿ ರೋಮಿನಲ್ಲಿ. ಹುಟ್ಟಿದ ಊರಿನ ಪಾಲಿಗೆ ಬಂದದ್ದು ತೀರಾ ಕಡಿಮೆ. ಕಾನ್ವಿ ಚರ್ಚಿನೊಳಗಿನ ಎದೆಮಟ್ಟದ ಪ್ರತಿಮೆ ಅದರಲ್ಲಿ ಮುಖ್ಯವಾದದ್ದು. ಆ ಪ್ರತಿಮೆಯ ಹತ್ತಿರ ಬರೀ ಅಕ್ಷರಗಳ ಒಂದು ಫಲಕ ಹಾಕುವುದಾದರೆ ಹೇಗಿರಬೇಕು, ಅದರ ಲೆಕ್ಕ ಮಾಡೋಣ. ನಮ್ಮ ನಿಲುವು ಇಷ್ಟು: ಬೇರೆ ಕಡೆಯ ಫಲಕಗಳು ಆತನ ಬಿರುದು, ಪ್ರಶಸ್ತಿ ಹೇಳಲಿ. ಹುಟ್ಟೂರಿನ ಚರ್ಚಿನ ಫಲಕ ಹೇಳಬೇಕಾದದ್ದು ಒಂದೇ, ಈತ ಇಲ್ಲಿಯವನು, ಅಲ್ಲಿ ಹೋಗಿ ಕೆಲಸ ಮಾಡಿದ. ಫಲಕ ಕೆಡುವುದು ಹೆಚ್ಚಾಗಿ ಕಲ್ಲಿನಿಂದಲ್ಲ, ಅದರ ಮೇಲೆ ತುಂಬಿದ ಮಾತಿನಿಂದ.

ಮಾತಿನಿಂದಲೇ ಶುರು ಮಾಡುತ್ತೇವೆ, ಯಾಕೆಂದರೆ ಅಳತೆ ಹುಟ್ಟುವುದು ಅಲ್ಲಿಂದ. ಎರಡು ಮೀಟರ್ ದೂರ ನಿಂತು ಓದಬೇಕಾದರೆ ದೊಡ್ಡಕ್ಷರಗಳ ಎತ್ತರ 20 ಮಿ.ಮೀ.ಗಿಂತ ಕಡಿಮೆ ಇರಬಾರದು. 600 ಅಗಲದಲ್ಲಿ ಎಡಬಲಕ್ಕೆ 50, 50 ಬಿಟ್ಟರೆ ಸಿಗುವುದು 500. ರೋಮನ್ ದೊಡ್ಡಕ್ಷರಗಳು ಅಂತರವೂ ಸೇರಿ ಸರಾಸರಿ ತಮ್ಮ ಎತ್ತರದಷ್ಟೇ ಅಗಲ ತಿನ್ನುತ್ತವೆ. ಲೆಕ್ಕ ಹಾಕಿದರೆ ಒಂದು ಸಾಲಿಗೆ 25 ಅಕ್ಷರ. ಅಷ್ಟರಲ್ಲಿ ಮೂರು ಸಾಲು: ‘ಶಿಲ್ಪಿ, ಗಫಿನ್‌ನಲ್ಲಿ ಜನನ 1790’, ‘1817ರಿಂದ ರೋಮಿನಲ್ಲಿ ಕೆಲಸ’, ‘ಅಲ್ಲೇ ಮರಣ, ಸಮಾಧಿ, 1866’. ಇಂಗ್ಲಿಷಿನಲ್ಲಿ ಬರೆದು ಎಣಿಸಿದರೆ ಮೂರೂ ಸಾಲು ಈ ಮಿತಿಯ ಒಳಗೇ ಕೂರುತ್ತವೆ. ಹೆಸರು ಮಾತ್ರ ಮೇಲೆ, ದೊಡ್ಡದಾಗಿ. ‘ಜಾನ್ ಗಿಬ್ಸನ್’ ಅನ್ನುವ ಹತ್ತು ಅಕ್ಷರ 45 ಮಿ.ಮೀ. ಎತ್ತರಕ್ಕೆ ಬರೆದರೆ ಸುಮಾರು 435 ಮಿ.ಮೀ. ಉದ್ದ ಆಗುತ್ತದೆ, ಚೆಂದವಾಗಿ ಕೂರುತ್ತದೆ. ಆಸೆಪಟ್ಟು 55 ಮಾಡಿದರೆ 530 ದಾಟಿ ಅಂಚಿನ ಖಾಲಿ ಜಾಗವನ್ನೇ ತಿಂದುಬಿಡುತ್ತದೆ. ಖಾಲಿ ಜಾಗ ದಂಡವಲ್ಲ. ಓದುವ ಕಣ್ಣು ಬಂದು ನಿಲ್ಲುವುದೇ ಅಲ್ಲಿ.

ಇಸವಿ ಸಾಕು, ದಿನಾಂಕ ಬೇಡ. ಇದಕ್ಕೆ ಕಾರಣ ಇದೆ. ಆ ಕಾಲದ ಚರ್ಚಿನ ರಿಜಿಸ್ಟರುಗಳಲ್ಲಿ ಬರೆದಿಡುತ್ತಿದ್ದದ್ದು ದೀಕ್ಷಾಸ್ನಾನದ ದಿನ, ಹುಟ್ಟಿದ ದಿನ ಅಲ್ಲ. ಆಮೇಲೆ ಬಂದವರು ಒಂದನ್ನು ಇನ್ನೊಂದೆಂದು ಬರೆದುಕೊಂಡು, ಅದೇ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತಾ ಹೋಗುತ್ತದೆ. ‘ಈ ಚರ್ಚಿನಲ್ಲಿ ದೀಕ್ಷಾಸ್ನಾನವಾಯಿತು’ ಎಂಬ ಸಾಲನ್ನು ಸೇರಿಸಲು ಎಲ್ಲರಿಗೂ ಆಸೆಯಾಗುತ್ತದೆ. ಆದರೆ ಗಫಿನ್‌ಗೆ ತನ್ನದೇ ಹಳೆಯ ಚರ್ಚು ಇದೆ, ಸೇಂಟ್ ಬೆನೆಡಿಕ್ಟ್, ಬಣ್ಣದ ಚಿತ್ರಗಳ ಮರದ ಛಾವಣಿಯದು. ಎರಡು ಚರ್ಚು ಕೂಗಳತೆಯಲ್ಲಿದ್ದಾಗ ಮೂಲ ರಿಜಿಸ್ಟರಿನ ಪುಟವನ್ನು ಕಣ್ಣಾರೆ ನೋಡದೆ ಅಂಥ ಸಾಲು ಕಲ್ಲಿಗೆ ಹೋಗಕೂಡದು. ಕಾಗದದ ತಪ್ಪಿಗೆ ತಿದ್ದೋಲೆ ಉಂಟು, ಕಲ್ಲಿನ ತಪ್ಪಿಗೆ ಇಲ್ಲ.

ಭಾಷೆಯ ಮಾತು. ಕಾನ್ವಿಯಲ್ಲಿ ಫಲಕ ಅಂದರೆ ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಬೇಕು, ವೆಲ್ಷ್ ಮೇಲೆ ಇರಬೇಕು. ಇಲ್ಲಿ ಕನ್ನಡದವರಿಗೆ ಬೇಗ ಅರ್ಥವಾಗುವ ಒಂದು ಸಂಗತಿ ಇದೆ. ನಮ್ಮಲ್ಲಿ ಮಳೆ, ಕಾಲ ಸೇರಿದರೆ ಮಳೆಗಾಲ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ. ಎರಡನೆಯ ಪದದ ಮೊದಲ ಅಕ್ಷರ ಮೆತ್ತಗಾಗುತ್ತದೆ, ಆದೇಶ ಸಂಧಿ. ವೆಲ್ಷಿನಲ್ಲಿ ಇಂಥದೇ ಬದಲಾವಣೆ ಊರಿನ ಹೆಸರಿಗೂ ಆಗುತ್ತದೆ, ಅದೂ ಪದಗಳು ಬಿಡಿಬಿಡಿಯಾಗಿ ನಿಂತಿರುವಾಗಲೇ. ಬಾಂಗೋರ್ ಎಂಬ ಊರು ‘ಬಾಂಗೋರಿನಲ್ಲಿ’ ಅನ್ನುವಾಗ ‘ಅಮ್ ಮಾಂಗೋರ್’ ಆಗುತ್ತದೆ. ಗಫಿನ್‌ಗೆ ಬಂದರೆ ವೆಲ್ಷಿನಲ್ಲಿ ಆ ಹೆಸರಿನ ಮುಂದೆ ಒಂದು ಸಣ್ಣ ಪದ ನಿಂತಿರುತ್ತದೆ, ಹಾಗಾಗಿ ಅಲ್ಲಿ ಈ ಬದಲಾವಣೆ ಇಲ್ಲ. ನಿಘಂಟು ಹಿಡಿದು ಪದಕ್ಕೆ ಪದ ಕೂಡಿಸಿದವರು ಎಡವುವುದು ಇಲ್ಲೇ. ಇಂಗ್ಲಿಷ್ ಸಾಲು ಬರೆದು ವೆಲ್ಷಿಗೆ ತಿರುಗಿಸುವುದಕ್ಕಿಂತ ವೆಲ್ಷ್ ಮನೆಮಾತಿನವರ ಕೈಯಲ್ಲಿ ಹೊಸದಾಗಿಯೇ ಬರೆಸಬೇಕು. ರೋಮ್ ಅಲ್ಲಿ ‘ರಿವೈನ್’, ಲಿವರ್‌ಪೂಲ್ ‘ಲೆರ್ಪುಲ್’, ಶಿಲ್ಪಿ ‘ಕೆರ್‌ವ್ಲಿನಿದ್’. ಊರಿನ ಹೆಸರಿನ ಕಾಗುಣಿತವೂ ಬದಲಾಗಿದೆ: ಗಿಬ್ಸನ್ ಕಾಲದ ಇಂಗ್ಲಿಷ್ ಪುಸ್ತಕಗಳಲ್ಲಿ ‘ಕಾನ್‌ವೇ’ ಎಂದಿರುತ್ತದೆ. ಹಳೆಯದನ್ನು ನಕಲು ಮಾಡಬಾರದು. ಅಂತಿಮ ಪಾಠವನ್ನು ಇಬ್ಬರು ಬೇರೆ ಬೇರೆ ಕೂತು ಓದಬೇಕು. ಒಬ್ಬರು ಅಕ್ಷರ ಅಕ್ಷರವಾಗಿ, ಹಿಂದಿನಿಂದ ಮುಂದಕ್ಕೆ ಓದಿದರೆ ಇನ್ನೂ ಒಳ್ಳೆಯದು, ಅರ್ಥ ಅಡ್ಡ ಬರುವುದಿಲ್ಲ.

ಈಗ ವಸ್ತು. ನಾಲ್ಕು ಆಯ್ಕೆ ಎದುರಿಗೆ ಬರುತ್ತವೆ: ಅಮೃತಶಿಲೆ, ಹಿತ್ತಾಳೆ, ಕಂಚು, ಸ್ಲೇಟು.

ಅಮೃತಶಿಲೆ ಗಿಬ್ಸನ್ ಅವರ ಉಸಿರಾಗಿತ್ತು ನಿಜ. ಆದರೆ ಕಾನ್ವಿ ಇರುವುದು ನದಿ ಸಮುದ್ರ ಸೇರುವ ಕಡೆ. ಹಳೆಯ ಕಲ್ಲುಗೋಡೆಯಲ್ಲಿ ತೇವ ಇರುತ್ತದೆ, ತೇವದ ಜೊತೆ ಉಪ್ಪು. ಅಮೃತಶಿಲೆ ಸುಣ್ಣದ ಜಾತಿ. ಹಿಂದಿನಿಂದ ತೇವ ಹೀರಿದರೆ ಮುಂದೆ ಹಳದಿ ಕಲೆ ಮೂಡುತ್ತದೆ, ಉಪ್ಪು ಹರಳುಗಟ್ಟಿ ಮೇಲ್ಮೈ ಸಕ್ಕರೆಯ ಹಾಗೆ ಉದುರುತ್ತದೆ. ಬಿಳಿಯ ಮೇಲೆ ಕೊರೆದ ಅಕ್ಷರ ತಾನಾಗಿ ಕಾಣುವುದೂ ಇಲ್ಲ, ಬಣ್ಣ ತುಂಬಬೇಕು ಇಲ್ಲವೇ ಸೀಸ ಕೂರಿಸಬೇಕು. 19ನೆಯ ಶತಮಾನದ ಫಲಕಗಳಲ್ಲಿ ಸೀಸದ ಅಕ್ಷರ ಸಾಮಾನ್ಯ: ಅಕ್ಷರದ ಗುಂಡಿಯಲ್ಲಿ ಓರೆಯಾಗಿ ಸಣ್ಣ ತೂತು ಕೊರೆದು, ಸೀಸದ ತಗಡನ್ನು ಬಡಿದು ತುಂಬಿ, ಉಳಿದದ್ದನ್ನು ಹೆರೆದು ಸಮ ಮಾಡುತ್ತಿದ್ದರು. ತೂತು ನೆಟ್ಟಗಿದ್ದರೆ ಸೀಸಕ್ಕೆ ಹಿಡಿತ ಇಲ್ಲ. ಕೆಲವು ಚರ್ಚುಗಳಲ್ಲಿ ಒಂದೊಂದು ಅಕ್ಷರ ಉದುರಿ ಬರೀ ಚುಕ್ಕೆಗಳು ಉಳಿದಿರುವುದು ಅದಕ್ಕೇ.

ಹಿತ್ತಾಳೆ ತಗಡಿನ ಶತ್ರು ಭಕ್ತಿಯಿಂದ ತಿಕ್ಕುವ ಕೈ. ಪ್ರತಿ ಶನಿವಾರ ಪಾಲಿಶ್ ಹಾಕಿ ಉಜ್ಜಿದಾಗಲೂ ಲೋಹ ಒಂದಿಷ್ಟು ಸವೆಯುತ್ತದೆ, ಅಕ್ಷರದೊಳಗಿನ ಕಪ್ಪು ಮೇಣ ಎದ್ದು ಬರುತ್ತದೆ, ಪಾಲಿಶ್ ಪುಡಿ ಬಿಳಿಯಾಗಿ ಮೂಲೆಯಲ್ಲಿ ಕೂರುತ್ತದೆ. ನೂರು ವರ್ಷದಲ್ಲಿ ಹೆಸರು ಮಸುಕು.

ಕಂಚಿನ ಪರ ಮಾತಾಡಲು ಬಹಳ ಇದೆ, ಮುಖ್ಯವಾಗಿ ಮುಖದ ಉಬ್ಬುಚಿತ್ರ ಬೇಕಿದ್ದರೆ. ಆದರೆ ಎರಕದ ಲೆಕ್ಕ ಗೊತ್ತಿರಬೇಕು. ಕಂಚು ಆರುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ, 600 ಮಿ.ಮೀ. ಫಲಕ ಬೇಕೆಂದರೆ ಮಾದರಿ 609 ಇರಬೇಕು. ಇದನ್ನು ಮರೆತರೆ ಗೋಡೆಯ ತೂತಿಗೂ ಫಲಕದ ತೂತಿಗೂ ಹೊಂದಿಕೆ ಆಗುವುದಿಲ್ಲ. ಮರಳಿನ ಅಚ್ಚಿನಲ್ಲಿ ಅಕ್ಷರದ ಪಕ್ಕಗಳು ನೆಟ್ಟಗಿದ್ದರೆ ಮಾದರಿ ಎತ್ತುವಾಗ ಮರಳು ಕಿತ್ತುಬರುತ್ತದೆ, ಆದ್ದರಿಂದ ತುಸು ಇಳಿಜಾರು ಕೊಡಬೇಕು. ಆರು ಮಿ.ಮೀ.ಗಿಂತ ಸಣ್ಣ ಅಕ್ಷರ ಸ್ಪಷ್ಟವಾಗಿ ಮೂಡದು. ತಟ್ಟೆ ತೀರಾ ತೆಳುವಾದರೆ ಆರುವಾಗ ಸೊಟ್ಟಗಾಗುತ್ತದೆ; ಎಂಟು ಮಿ.ಮೀ. ದಪ್ಪ ಇಟ್ಟರೆ ತೂಕ 19 ಕಿಲೋ. ಕರಗಿದ ಲೋಹದಲ್ಲಿ ಗಾಳಿ ಸೇರಿದರೆ ಸೂಜಿಮೊನೆಯಂಥ ತೂತುಗಳು, ಹಾಳತ ತಪ್ಪಿ ತಣ್ಣಗಾದರೆ ಎರಡು ಹರಿವು ಕೂಡುವಲ್ಲಿ ಗೆರೆ. ಇಷ್ಟೆಲ್ಲ ಗೆದ್ದರೂ ಲೋಹ ಕದಿಯುವವರ ಕಣ್ಣು ಇದ್ದೇ ಇದೆ. ಇನ್ನೊಂದು ಮಾತು: ಈ ಚರ್ಚಿನಲ್ಲಿ ಮುಖ ಆಗಲೇ ಇದೆ. ಪಕ್ಕದಲ್ಲಿ ಇನ್ನೊಂದು ಮುಖ ಇಟ್ಟರೆ ಎರಡೂ ಒಂದನ್ನೊಂದು ಕೆಡಿಸುತ್ತವೆ.

ಹಾಗಾಗಿ ಸ್ಲೇಟು. ಅ ಆ ಇ ಈ ತಿದ್ದಿದ ಸ್ಲೇಟಿನ ಕಲ್ಲೇ ಇದು. ಕಾನ್ವಿಯ ಬೆನ್ನಿಗಿರುವ ಬೆಟ್ಟಗಳು ಈ ಕಲ್ಲಿನ ತವರು. ಬೆಥೆಸ್ಡಾದ ಪೆನ್ರಿನ್ ಗಣಿ, ಬ್ಲೈನೈ ಫೆಸ್ಟಿನಿಯೋಗ್ ಗಣಿಗಳು ದೂರವಿಲ್ಲ. ಪೆನ್ರಿನ್ ಕಲ್ಲು ನೇರಳೆ ಛಾಯೆಯದು, ಫೆಸ್ಟಿನಿಯೋಗಿನದು ನೀಲಿ ಬೂದು. ನೋಡಲು ನಮ್ಮ ಮನೆಗಳ ಕಡಪ ಕಲ್ಲಿನ ಹಾಗೆ ಕಂಡರೂ ಎರಡೂ ಒಂದಲ್ಲ. ಕಡಪ ಕಲ್ಲು ಸುಣ್ಣದ ಜಾತಿ, ನಿಂಬೆರಸ ಬಿದ್ದರೆ ಕಲೆ ಕೂರುತ್ತದೆ. ಒಳ್ಳೆಯ ಸ್ಲೇಟಿಗೆ ಹುಳಿಯ ಭಯ ಇಲ್ಲ, ನೀರನ್ನೂ ಹೆಚ್ಚುಕಡಿಮೆ ಹೀರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಇದರಲ್ಲಿ ಉಳಿ ಬಿದ್ದ ಜಾಗ ತಿಳಿ ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಸುತ್ತ ಕಲ್ಲು ಕಪ್ಪಗೇ ಇರುತ್ತದೆ. ಬಣ್ಣ ತುಂಬದೆಯೇ ಅಕ್ಷರ ಓದಬಹುದು.

ಚಪ್ಪಡಿ ಆರಿಸುವಾಗ ಮೂರು ಪರೀಕ್ಷೆ. ಮೂಲೆಯಲ್ಲಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ: ಗಂಟೆಯ ಹಾಗೆ ಉಲಿದರೆ ಸರಿ, ಬೊದ್ದು ಸದ್ದು ಬಂದರೆ ಒಳಗೆ ಬಿರುಕು. ಒದ್ದೆ ಮಾಡಿ ನೋಡಿ: ಒಣಗುವಾಗ ಒಂದು ಗೆರೆ ಮಾತ್ರ ತಡವಾಗಿ ಒಣಗಿದರೆ ಅಲ್ಲಿ ಪದರ ಬಿಟ್ಟಿದೆ. ಬಂಗಾರದ ಚುಕ್ಕೆಯಂಥ ಹರಳು ಹುಡುಕಿ: ಅದು ಕಬ್ಬಿಣ, ಗಂಧಕ ಸೇರಿದ ಖನಿಜ, ವರ್ಷಗಳ ಮೇಲೆ ತುಕ್ಕಾಗಿ ಕೆಳಗಿನ ಸಾಲಿನ ಮೇಲೆ ಕಂದು ಕಣ್ಣೀರು ಇಳಿಸುತ್ತದೆ. ಮೇಲ್ಮೈಯನ್ನು ನೀರು ಹಾಕಿ ನಯವಾಗಿ ಉಜ್ಜಿಸಬೇಕು, ಹೊಳಪು ಕೊಡಿಸಬಾರದು. ಹೊಳೆಯುವ ಫಲಕದಲ್ಲಿ ಎದುರಿನ ಕಿಟಕಿ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ.

ಅಕ್ಷರವನ್ನು ಮೊದಲು ನಿಜ ಅಳತೆಯಲ್ಲಿ ಕಾಗದದ ಮೇಲೆ ಬರೆಯಬೇಕು. ಕಂಪ್ಯೂಟರಿನ ಅಕ್ಷರವನ್ನೇ ಅಂಟಿಸಿ ಕೊರೆದದ್ದು ದೂರದಿಂದಲೇ ಗೊತ್ತಾಗುತ್ತದೆ, ಏಕೆಂದರೆ ಅಲ್ಲಿ ಅಂತರವನ್ನು ಅಳೆದಿರುತ್ತಾರೆ, ತೂಗಿರುವುದಿಲ್ಲ. ಎರಡು ನೆಟ್ಟನೆಯ ಕಂಬಗಳ ನಡುವೆ ಜಾಗ ಹೆಚ್ಚು ಬೇಕು, ನೆಟ್ಟನೆಯದರ ಪಕ್ಕ ಗುಂಡಗಿನದು ಬಂದರೆ ಕಡಿಮೆ, ಎರಡು ಗುಂಡಗಿನವು ಬಂದರೆ ಇನ್ನೂ ಕಡಿಮೆ. ಅಕ್ಷರಗಳ ನಡುವೆ ಮರಳು ಸುರಿದರೆ ಎಲ್ಲ ಸಂದಿಗೂ ಒಂದೇ ಅಳತೆ ಮರಳು ಹಿಡಿಯಬೇಕು, ಅನ್ನುವ ಲೆಕ್ಕ. ಕಾಗದವನ್ನು ಗೋಡೆಗೆ ಅದೇ ಎತ್ತರದಲ್ಲಿ ಅಂಟಿಸಿ, ಒಂದು ವಾರ ಬಿಟ್ಟು, ಬಂದು ಹೋಗುವವರು ಓದಲಿ. ತಪ್ಪು ಹೊರಬೀಳುವುದು ಆಗಲೇ.

ಕೊರೆಯುವ ಗುಂಡಿ ಎರಡು ಇಳಿಜಾರು ಕೂಡಿ ತಳದಲ್ಲಿ ಒಂದು ಗೆರೆಯಾಗುವ ಕೊರಕಲು. ಸ್ಲೇಟಿನಲ್ಲಿ ಆ ಕೋನ 60 ಡಿಗ್ರಿಯ ಹತ್ತಿರ ಇರಲಿ. ಹೆಸರಿನ ಅಕ್ಷರಗಳಲ್ಲಿ ಗೆರೆಯ ಅಗಲ 4.5 ಮಿ.ಮೀ. ಇದ್ದರೆ ಆಳ 4ರ ಸಮೀಪ ಆಗುತ್ತದೆ. ಕೆಳಗಿನ ಸಾಲುಗಳಲ್ಲಿ ಅಗಲ ಎರಡೂವರೆ, ಆಳ ಎರಡರ ಮೇಲೆ ಚೂರು. ಉಪಕರಣ ಬಹಳ ಬೇಡ: ಗಡಸು ಮೊನೆಯ ಎರಡು ಉಳಿ, ಒಂದು ಆರು ಮಿ.ಮೀ.ನದು, ಒಂದು ಹತ್ತರದು, ಮತ್ತೆ ಮುಕ್ಕಾಲು ಕಿಲೋದ ಗುಂಡುತಲೆಯ ಸುತ್ತಿಗೆ. ಮೊದಲು ಗೆರೆಯ ನಡುವೆ ಉದ್ದಕ್ಕೂ ಒಂದು ಸೀಳು. ಆಮೇಲೆ ಎಡ ಇಳಿಜಾರು, ಬಲ ಇಳಿಜಾರು, ಒಂದಾದ ಮೇಲೊಂದು, ಬರೆದ ಗೆರೆಗೆ ಅರ್ಧ ಮಿ.ಮೀ. ಬಿಟ್ಟು. ಕೊನೆಯ ಸುತ್ತಿನಲ್ಲಿ ಆ ಅರ್ಧವನ್ನು ತೆಗೆಯುವುದು. ಉಳಿಯನ್ನು ಹಿಡಿದ ಎಡಗೈಯ ಕಿರುಬೆರಳು ಕಲ್ಲಿನ ಮೇಲೇ ಊರಿರಬೇಕು. ಅದು ಎದ್ದರೆ ಉಳಿ ಜಾರುತ್ತದೆ. ಹೊಡೆತ ಜೋರಿರುವುದಿಲ್ಲ, ಟಕ್ ಟಕ್ ಎಂದು ಒಂದೇ ಲಯ. ಕೈ ಪಳಗಿದವರಿಗೂ ಇಷ್ಟು ಅಕ್ಷರಕ್ಕೆ ನಾಲ್ಕೈದು ದಿನ ಬೇಕು.

ಎಲ್ಲಿ ಹಾಳಾಗುತ್ತದೆ? ಎರಡು ಗೆರೆ ಕೂಡುವ ಮೂಲೆಗಳಲ್ಲಿ. ರೋಮನ್ ‘ಎನ್’ನ ಚೂಪು ಮೂಲೆ, ‘ಬಿ’ಯ ಹೊಟ್ಟೆಗಳ ನಡುವಿನ ಸಣ್ಣ ದ್ವೀಪ. ‘ಗಿಬ್ಸನ್’ ಎಂಬ ಹೆಸರಿನಲ್ಲಿ ಎರಡೂ ಇವೆ. ಸ್ಲೇಟು ಪದರದ ಕಲ್ಲಾದ್ದರಿಂದ ಆ ದ್ವೀಪ ಹಾರಿತೆಂದರೆ ಅಂಟಿಸಲು ಬರುವುದಿಲ್ಲ. ಅಂಟಿಸಿದ್ದು ಬೆಳಕಿನಲ್ಲಿ ಗಾಯದ ಹಾಗೆ ಕಾಣುತ್ತದೆ. ಇಡೀ ಮುಖವನ್ನು ಗುಂಡಿಯ ಆಳದಷ್ಟು ಉಜ್ಜಿ ತೆಗೆದು ಮತ್ತೆ ಬರೆಯಬೇಕು, ಇಲ್ಲವೇ ಕಲ್ಲು ತಿರುಗಿಸಿ ಹಿಂದಿನ ಮುಖ ಬಳಸಬೇಕು. 20 ಮಿ.ಮೀ. ಸಾಕಾಗಿದ್ದ ಕಡೆ 30 ಇಡುವುದು ಸ್ವಲ್ಪ ಈ ಧೈರ್ಯಕ್ಕೂ ಹೌದು.

ಬಣ್ಣದ ಪ್ರಶ್ನೆ ಗಿಬ್ಸನ್ ವಿಷಯದಲ್ಲಿ ಸುಮ್ಮನೆ ಬಿಡುವ ಹಾಗಿಲ್ಲ. ಗ್ರೀಕರು ತಮ್ಮ ಶಿಲ್ಪಗಳಿಗೆ ಬಣ್ಣ ಹಚ್ಚುತ್ತಿದ್ದರು, ಬಿಳಿಯ ಅಮೃತಶಿಲೆ ಮಾತ್ರ ಶುದ್ಧ ಅನ್ನುವುದು ನಮ್ಮ ಕಾಲದ ರೂಢಿ ಎಂದು ನಂಬಿ, ಅದಕ್ಕೆ ತಕ್ಕಂತೆ ಕೆಲಸ ಮಾಡಿದವರು ಅವರು. ಅವರ ವೀನಸ್ ವಿಗ್ರಹದ ಮೈಗೆ ಮೇಣದ ಜೊತೆ ಬೆರೆಸಿದ ತೆಳುವಾದ ಮೈಬಣ್ಣ, ಕೂದಲಿಗೆ ಹೊಂಬಣ್ಣ, ಕಣ್ಣಿಗೆ ನೀಲಿ. 1862ರ ಲಂಡನ್ ಪ್ರದರ್ಶನದಲ್ಲಿ ಅದಕ್ಕಾಗಿ ವಾಸ್ತುಶಿಲ್ಪಿ ಓವನ್ ಜೋನ್ಸ್ ಒಂದು ಪುಟ್ಟ ಗುಡಿಯನ್ನೇ ರಚಿಸಿದ್ದರು. ನೋಡಿದವರಲ್ಲಿ ಮೆಚ್ಚಿದವರೂ ಇದ್ದರು, ಮುಖ ಸಿಂಡರಿಸಿದವರೂ ಇದ್ದರು. ಇಂಥವರ ಫಲಕದಲ್ಲಿ ಹೆಸರಿನ ಸಾಲಿಗಷ್ಟೇ ಬಂಗಾರದ ರೇಕು ಹಾಕುವುದು ನಮಗೆ ನ್ಯಾಯವೆನಿಸುತ್ತದೆ. ರೇಕು 80 ಮಿ.ಮೀ. ಚೌಕದ್ದು, ಒಂದು ಪುಸ್ತಕದಲ್ಲಿ 25 ಹಾಳೆ. 435 ಉದ್ದದ ಸಾಲಿಗೆ ಆರು ಹಾಳೆ, ಎರಡು ಸುತ್ತು ಹಾಕಿದರೆ ಹನ್ನೆರಡು. ಒಂದು ಪುಸ್ತಕ ಧಾರಾಳ. ಗುಂಡಿಯೊಳಗೆ ಎಣ್ಣೆಯ ಅಂಟನ್ನು ತೆಳುವಾಗಿ ಬಳಿದು ಕಾಯಬೇಕು. ಬೆರಳಿನ ಗೆಣ್ಣು ತಾಗಿಸಿದರೆ ಸಣ್ಣಗೆ ಕೀಚೆನ್ನಬೇಕು, ಬೆರಳಿಗೆ ಅಂಟಬಾರದು, ಅದೇ ಹದ. ಹದಕ್ಕೆ ಮುಂಚೆ ಇಟ್ಟರೆ ರೇಕು ಅಂಟಿನಲ್ಲಿ ಮುಳುಗಿ ಮಂಕಾಗುತ್ತದೆ, ಹದ ಮೀರಿದರೆ ಹಿಡಿಯುವುದೇ ಇಲ್ಲ. ಅಂಟು ತಳದಲ್ಲಿ ದಪ್ಪಗೆ ನಿಂತರೆ ಮೇಲೆ ಕೆನೆಕಟ್ಟಿ ಸುಕ್ಕಾಗುತ್ತದೆ. ಉಳಿದ ಸಾಲುಗಳು ಕಲ್ಲಿನ ಬಣ್ಣದಲ್ಲೇ ಇರಲಿ.

ಅನುಮತಿ ವಿಷಯ ಬೇಗ ಹೇಳಿ ಮುಗಿಸುತ್ತೇವೆ. ಈ ಚರ್ಚು ಮೊದಲು ಸಿಸ್ಟರ್ಶಿಯನ್ ಸನ್ಯಾಸಿಗಳ ಮಠವಾಗಿತ್ತು. 1283ರಲ್ಲಿ ಒಂದನೆಯ ಎಡ್ವರ್ಡ್ ದೊರೆ ಇಲ್ಲಿ ಕೋಟೆ ಕಟ್ಟಲು ಬಂದಾಗ ಸನ್ಯಾಸಿಗಳನ್ನು ಕಣಿವೆಯ ಮೇಲಿನ ಮೈನನ್‌ಗೆ ಕಳಿಸಿದ, ಮಠದ ಚರ್ಚು ಊರಿನ ಚರ್ಚಾಯಿತು. ಅಂಥ ಗೋಡೆಗೆ ಯಾರೂ ತಮ್ಮಿಷ್ಟಕ್ಕೆ ತೂತು ಕೊರೆಯುವ ಹಾಗಿಲ್ಲ. ಚರ್ಚಿನ ಆಡಳಿತ ಸಭೆ ಒಪ್ಪಬೇಕು, ಡಯಾಸಿಸಿನ, ಅಂದರೆ ಬಿಷಪ್ಪರ ಆಡಳಿತ ಪ್ರಾಂತದ, ಸಲಹಾ ಸಮಿತಿ ನೋಡಬೇಕು, ಸಾರ್ವಜನಿಕ ನೋಟಿಸ್ ಹಾಕಬೇಕು, ಕೊನೆಗೆ ‘ಫ್ಯಾಕಲ್ಟಿ’ ಎಂಬ ಲಿಖಿತ ಅಪ್ಪಣೆ ಸಿಗಬೇಕು. ಅರ್ಜಿಯ ಜೊತೆ ನಿಜ ಅಳತೆಯ ಚಿತ್ರ, ಕಲ್ಲಿನ ತುಂಡು, ಗೋಡೆಗೆ ಕೂರಿಸುವ ವಿಧಾನದ ಅಡ್ಡಸೀಳು ಚಿತ್ರ ಇರಲಿ. ಅರ್ಜಿ ವಾಪಸಾಗುವುದು ಹೆಚ್ಚಾಗಿ ಮೂರನೆಯದು ಇಲ್ಲದ್ದರಿಂದ.

ಆ ಅಡ್ಡಸೀಳಿನಲ್ಲಿ ಏನಿರಬೇಕು ಅನ್ನುವುದೇ ಈ ಕೆಲಸದ ಎದೆ. ಹಿಂದಿನವರು ಕಬ್ಬಿಣದ ಕೊಕ್ಕೆ ಬಳಸುತ್ತಿದ್ದರು. ಕಬ್ಬಿಣ ತುಕ್ಕು ಹಿಡಿದರೆ ಮೊದಲಿಗಿಂತ ಹಲವು ಪಟ್ಟು ಉಬ್ಬುತ್ತದೆ, ಕಲ್ಲನ್ನು ಒಳಗಿನಿಂದ ಒಡೆಯುತ್ತದೆ; ಹಳೆಯ ಫಲಕಗಳ ಮೂಲೆಗಳು ಸೀಳಿರುವುದು ನಾಲ್ಕೂ ಕಡೆ ಕೊಕ್ಕೆ ಇದ್ದ ಜಾಗದಲ್ಲೇ. ತಾಮ್ರ, ಕಂಚಿನ ಮೊಳೆ ಒಡೆಯುವುದಿಲ್ಲ, ಆದರೆ ಕಿಲುಬು ಇಳಿದು ಗೋಡೆ ಹಸಿರಾಗುತ್ತದೆ. ಸಮುದ್ರದ ಗಾಳಿಗೆ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ತರಬೇಕು.

ಭಾರ ಕೆಳಗಿನಿಂದ ಹೊರಬೇಕು, ಮೇಲಿನಿಂದ ನೇತುಬೀಳಬಾರದು. ಕೆಳ ಅಂಚಿಗೆ ಎರಡು ಚಿಕ್ಕ ಸ್ಟೀಲ್ ಆಸರೆ, ಅವು 23 ಕಿಲೋವನ್ನೂ ಹೊತ್ತುಕೊಳ್ಳುತ್ತವೆ. ಮೇಲಿನ ಎರಡು ಮೂಲೆಯ ಹತ್ತಿರ 8 ಮಿ.ಮೀ. ದಪ್ಪದ ಎರಡು ಗೂಟ, ಫಲಕ ಮುಂದಕ್ಕೆ ವಾಲದಂತೆ ಹಿಡಿಯಲು ಮಾತ್ರ. ಗೂಟಕ್ಕಾಗಿ ಫಲಕದ ಹಿಂದೆ ಕೊರೆಯುವ ತೂತು 15 ಮಿ.ಮೀ. ಆಳ, ಮುಂದೆ ಇನ್ನು 15 ಗಟ್ಟಿ ಕಲ್ಲು ಉಳಿಯಬೇಕು. ಡ್ರಿಲ್ಲಿನ ಬಡಿತ ಪೂರ್ತಿ ನಿಲ್ಲಿಸಿ, ಬರೀ ತಿರುಗಿಸಿ, ನೀರು ಬಿಡುತ್ತಾ ಕೊರೆಯಬೇಕು. ಬಡಿತ ಹಾಕಿದರೆ ಪದರ ಬಿಟ್ಟು ಮುಂದಿನ ಮುಖದಿಂದ ಬಿಲ್ಲೆಯಂತೆ ಚೂರು ಹಾರುತ್ತದೆ, ಅದೂ ಅಕ್ಷರ ಕೊರೆದು ಮುಗಿದ ಮೇಲೆ. ಅದಕ್ಕೇ ತೂತು ಮೊದಲು, ಅಕ್ಷರ ಆಮೇಲೆ.

ಗೋಡೆಯಲ್ಲಿ ಕೊರೆಯುವಾಗ ಕಲ್ಲನ್ನು ಮುಟ್ಟದೆ ಸಂದಿನ ಗಾರೆಯಲ್ಲೇ ಕೊರೆಯಬೇಕು. ಕಾಗದದ ನಕ್ಷೆಯನ್ನು ಗೋಡೆಯ ಮೇಲಿಟ್ಟು ಸಂದು ಎಲ್ಲಿ ಬರುತ್ತದೋ ನೋಡಿ ಫಲಕದ ತೂತಿನ ಜಾಗ ನಿರ್ಧರಿಸುವುದು, ಉಲ್ಟಾ ಅಲ್ಲ. ಗಾರೆಯ ಮೇಲೆ ಸುಣ್ಣದ ಗಿಲಾವು ಇದ್ದರೆ ಒಳಗೆ ಹಳೆಯ ಚಿತ್ರ ಇರಬಹುದು. ಬೆರಳಗಲ ಕೆರೆದು ನೋಡಲು ತಜ್ಞರೇ ಬೇಕು. ಗೂಟ ಫಲಕದೊಳಗೆ ರಾಳದ ಅಂಟಿನಲ್ಲಿ, ಗೋಡೆಯೊಳಗೆ ಸುಣ್ಣದ ಗಾರೆಯಲ್ಲಿ. ಸಿಮೆಂಟು ಬೇಡವೇ ಬೇಡ. ಅದು ಹಳೆಯ ಕಲ್ಲಿಗಿಂತ ಗಟ್ಟಿ, ತೇವವನ್ನು ಹೊರಬಿಡುವುದಿಲ್ಲ, ತೆಗೆಯಲು ಹೋದರೆ ಗೋಡೆಯ ಕಲ್ಲನ್ನೂ ಕಿತ್ತುಕೊಂಡೇ ಬರುತ್ತದೆ. ಫಲಕ ಮತ್ತು ಗೋಡೆಯ ನಡುವೆ 6 ಮಿ.ಮೀ. ಬಿಲ್ಲೆಗಳನ್ನು ಕೊಟ್ಟು ಗಾಳಿ ಆಡಲು ಬಿಡಬೇಕು.

ತೆಗೆಯುವ ಮಾತು ಯಾಕೆ ಎಂದು ಕೇಳಬಹುದು. ಸ್ಮಾರಕಗಳು ಜಾಗ ಬದಲಿಸುತ್ತವೆ. ಗಿಬ್ಸನ್ ತೀರಿಕೊಂಡ ಅದೇ 1866ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಮಾರ್ಕ್ ಕಬ್ಬನ್ ಪ್ರತಿಮೆ ಅನಾವರಣವಾಯಿತು. ಅದನ್ನು ಮಾಡಿದ ಕಾರ್ಲೊ ಮರೊಚೆಟ್ಟಿಯೂ ಹುಟ್ಟಿದ ನಾಡು ಬಿಟ್ಟವರೇ: ಟುರಿನ್‌ನಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಬೆಳೆದು, 1848ರಲ್ಲಿ ಲಂಡನ್ನಿಗೆ ಹೋದವರು. ಆ ಪ್ರತಿಮೆ ಹೈಕೋರ್ಟಿನ ಅಂಗಳದಿಂದ ಕಬ್ಬನ್ ಪಾರ್ಕಿನೊಳಗೆ ಬಂದದ್ದು 2020ರಲ್ಲಿ. ಪೀಠದ ಮೇಲೆ ನಿಂತದ್ದನ್ನು ಕ್ರೇನ್ ಎತ್ತುತ್ತದೆ. ಸಿಮೆಂಟಿನಲ್ಲಿ ಮುಳುಗಿದ ಫಲಕವನ್ನು ಎತ್ತಲು ಯಾವ ಕ್ರೇನಿಗೂ ಆಗದು, ಅದು ತುಂಡಾಗಿಯೇ ಬರುತ್ತದೆ. ಸುಣ್ಣದ ಗಾರೆಯಾದರೆ ಸಣ್ಣ ಉಳಿಯಿಂದ ಅರ್ಧ ದಿನದ ಕೆಲಸ.

ಜಾಗದ ಆಯ್ಕೆಯಲ್ಲಿ ಬೆಳಕನ್ನು ನೋಡಿ. ಕೊರೆದ ಅಕ್ಷರ ಕಾಣುವುದು ನೆರಳಿನಿಂದ. ಕಿಟಕಿ ಪಕ್ಕದಲ್ಲಿದ್ದು ಬೆಳಕು ಗೋಡೆಯನ್ನು ಸವರಿಕೊಂಡು ಬಂದರೆ ಪ್ರತಿ ಅಕ್ಷರದ ಒಂದು ಇಳಿಜಾರು ಬೆಳಗುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಎದುರಿಗೇ ದೀಪ ಹಾಕಿದರೆ ಎರಡೂ ಇಳಿಜಾರು ಒಂದೇ ಆಗಿ ಅಕ್ಷರ ಮಾಯ. ಫಲಕದ ನಡು ನೆಲದಿಂದ ಒಂದೂವರೆ ಮೀಟರ್ ಇರಲಿ, ಗಾಲಿಕುರ್ಚಿಯಲ್ಲಿ ಕೂತವರಿಗೂ ಕತ್ತು ನೋಯದೆ ಓದಲು ಸಿಗುತ್ತದೆ. ಬಿಸಿಗಾಳಿಯ ಕೊಳವೆಯ ಮೇಲೆ ಬೇಡ, ಧೂಳೆಲ್ಲ ಅಲ್ಲೇ ಮೇಲೇರುತ್ತದೆ.

ಕೂರಿಸುವ ದಿನ ಇಬ್ಬರು ಎತ್ತಲು, ಒಬ್ಬರು ರಸಮಟ್ಟ ಹಿಡಿಯಲು. ಮೊದಲು ಗಾರೆ ಇಲ್ಲದೆ ಒಣದಾಗಿ ಕೂರಿಸಿ ನೋಡಿ. ರಸಮಟ್ಟವನ್ನು ಕಲ್ಲಿನ ಅಂಚಿಗಲ್ಲ, ಹೆಸರಿನ ಸಾಲಿನ ಕೆಳಗೆ ಇಡಬೇಕು. ಅಂಚು ಸರಿಯಿದ್ದು ಸಾಲು ಓರೆಯಿದ್ದರೆ ಕಣ್ಣಿಗೆ ಬೀಳುವುದು ಸಾಲೇ. ಗೋಡೆಯ ತೂತಿನ ಧೂಳು ಊದಿ ತೆಗೆದು, ಒಳಗೆ ನೀರು ಚಿಮುಕಿಸಿ, ಆಮೇಲೆ ಗಾರೆ. ಒಣ ತೂತು ಗಾರೆಯ ನೀರನ್ನು ಹೀರಿಬಿಟ್ಟರೆ ಸುಣ್ಣ ಗಟ್ಟಿಯಾಗದೆ ಪುಡಿಯಾಗಿಯೇ ಉಳಿಯುತ್ತದೆ. ಐದು ಡಿಗ್ರಿಗಿಂತ ತಣ್ಣಗಿನ ದಿನ ಈ ಕೆಲಸಕ್ಕೆ ಕೈ ಹಾಕಬಾರದು.

ಮುಗಿದ ಮೇಲೆ ಆರೈಕೆ ಎಂದರೆ ಮೆತ್ತನೆಯ ಒಣ ಬ್ರಷ್ಷು, ವರ್ಷಕ್ಕೆ ಒಂದೆರಡು ಸಲ. ಸ್ಲೇಟು ಕಪ್ಪಗೆ ಮಿನುಗಲಿ ಎಂದು ಎಣ್ಣೆ ಸವರುವವರು ಇದ್ದಾರೆ. ಎಣ್ಣೆ ಅಕ್ಷರದೊಳಗೂ ಇಳಿದು ಆ ತಿಳಿ ಬೂದು ಬಣ್ಣವನ್ನು ನುಂಗುತ್ತದೆ, ಮೇಲೆ ಧೂಳು ಅಂಟಿ ಮೋಡಮೋಡವಾಗುತ್ತದೆ. ಗೂಟ, ಆಸರೆ ಎಲ್ಲೆಲ್ಲಿವೆ, ಯಾವ ಗಾರೆ, ಯಾವ ಗಣಿಯ ಕಲ್ಲು, ಇದನ್ನೆಲ್ಲ ಒಂದು ಹಾಳೆಯಲ್ಲಿ ಚಿತ್ರ ಸಮೇತ ಬರೆದು ಚರ್ಚಿನ ದಾಖಲೆ ಪುಸ್ತಕಕ್ಕೆ ಅಂಟಿಸಬೇಕು.

ಅನಾವರಣದ ಸಮಾರಂಭ ಕೂರಿಸಿದ ಮಾರನೆ ದಿನವೇ ಇಟ್ಟುಕೊಳ್ಳಬೇಡಿ. ಸುಣ್ಣಕ್ಕೆ ಎರಡು ವಾರವಾದರೂ ಕೊಡಿ. ಪರದೆಯನ್ನು ಮುಂದೆ ನಿಲ್ಲಿಸಿದ ಬಿಡಿ ಮರದ ಚೌಕಟ್ಟಿಗೆ ತೂಗುಹಾಕಿ, ಟೇಪಿನಿಂದ ಕಲ್ಲಿಗೆ ಅಂಟಿಸಬೇಡಿ. ಟೇಪು ಎಳೆದಾಗ ಅದರ ಜೊತೆ ಮೊದಲು ಬರುವುದು ಹೆಸರಿನ ಮೇಲಿನ ಬಂಗಾರ.